ಬೆಕ್ಕಿಗೆ ಹಾಕಿದ ಪಾಲು

ನನ್ನ ಹೆಂಡತಿ ಚಪ್ಪಲಿ ಕಳಚಿದ್ದನ್ನು ನಾನು ನೋಡಲಿಲ್ಲ. ಹಳೆಯ ಚರ್ಚಿನ ಜೋಡಿ ಗೋಪುರಗಳ ಫೋಟೊ ತೆಗೆಯುವುದರಲ್ಲಿ ಮುಳುಗಿದ್ದೆ. ತಿರುಗಿ ನೋಡಿದರೆ ಅವಳು ಬಂದರಿನ ಕಲ್ಲುಹಾಸಿನ ಮೇಲೆ, ಗುರುತು ಪರಿಚಯವಿಲ್ಲದ ಒಬ್ಬ ಮುದುಕನ ಎದುರು ಕಾಲು ಚಾಚಿ ಕುಳಿತಿದ್ದಳು. ಅವನ ಬಲೆಯ ಒಂದು ಅಂಚು ಅವಳ ಕಾಲಿನ ಹೆಬ್ಬೆರಳಿಗೆ ಸಿಕ್ಕಿತ್ತು. ಇನ್ನೊಂದು ಅಂಚು ಅವನ ಹೆಬ್ಬೆರಳಿಗೆ.

ಅದು ಇಟಲಿಯ ಸಿಸಿಲಿ ದ್ವೀಪದ ಚೆಫಲೂ ಎಂಬ ಊರು. ಒಂದು ಬದಿಗೆ ಹಳೇ ಕಾಲದ ಮೀನುಗಾರರ ಬಂದರು, ಇನ್ನೊಂದು ಬದಿಗೆ ಬಣ್ಣದ ಛತ್ರಿಗಳ ನಡುವೆ ಬಿಸಿಲು ಕಾಯಿಸುವ ಪ್ರವಾಸಿಗಳು, ಬೆನ್ನಿಗೆ ಒಂದು ದೊಡ್ಡ ಬಂಡೆಗುಡ್ಡ. ನಮ್ಮ ಮಗಳು ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಊರಿನ ಆಸ್ಪತ್ರೆಯಲ್ಲಿ ನರ್ಸ್. ನಾವಿಬ್ಬರೂ ಅದೇ ಊರಿನ ರೊಟೊಟೂನ ಬಡಾವಣೆಯ ಅವಳ ಮನೆಯಲ್ಲೇ ಇದ್ದೇವೆ. ಆ ವರ್ಷ ರಜೆ ಒಟ್ಟುಮಾಡಿಕೊಂಡು ಅವಳೇ ನಮ್ಮನ್ನು ಕರೆದುಕೊಂಡು ಹೋಗಿದ್ದಳು.

ನಾನು ಕುಂದಾಪುರದ ಕಡೆಯವನು. ಎಸ್ಸೆಸ್ಸೆಲ್ಸಿ ಪಾಸಾಗಿ ಬಂದರಿನ ಐಸ್ ಪ್ಲಾಂಟಿನಲ್ಲಿ ಗುಮಾಸ್ತನಾಗಿದ್ದೆ. ಮೀನಿನ ನಡುವೆಯೇ ಬದುಕಿದರೂ ಕೈಗೆ ಮೀನಿನ ವಾಸನೆ ಹತ್ತಿಸಿಕೊಳ್ಳಲಿಲ್ಲ ಎನ್ನುವುದೇ ನನ್ನ ದೊಡ್ಡಸ್ತಿಕೆ. ಹೆಂಡತಿ ಬಲೆಯವರ ಮನೆಯ ಮಗಳು, ಶಾಲೆಗೆ ಹೋದದ್ದು ಕಡಿಮೆ. ನ್ಯೂಜಿಲೆಂಡಿಗೆ ಬಂದ ಮೇಲೆ ಡಾಕ್ಟರ ಹತ್ತಿರ, ಮೂಲೆಯ ಡೇರಿ ಅಂಗಡಿಯಲ್ಲಿ, ಪಕ್ಕದ ಮನೆಯವರ ಗೇಟಿನಲ್ಲಿ ಅವಳ ಬಾಯಿ ನಾನೇ ಆಗಿದ್ದೆ. ಅವಳು ನನ್ನ ಹಿಂದೆ ನಿಂತು, ಅವರು ಹೇಳಿದ್ದೇನೆಂದು ನನ್ನ ತೋಳು ತಟ್ಟಿ ಕೇಳುತ್ತಿದ್ದಳು. ಆ ತಟ್ಟುವಿಕೆ ನನಗೆ ಬಹಳ ಇಷ್ಟವಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಚೆಫಲೂವಿನಲ್ಲಿ ನನ್ನ ಇಂಗ್ಲಿಷನ್ನು ಹೋಟೆಲಿನವರು ಬಿಟ್ಟರೆ ಯಾರೂ ಕೇಳಲಿಲ್ಲ. ಆ ಮುದುಕನಿಗಂತೂ ಒಂದು ಶಬ್ದವೂ ಬರುತ್ತಿರಲಿಲ್ಲ.

"ಹ್ವಾಯ್, ಇಲ್ಲ್ ಬನ್ನಿ! ಇವ್ರ್ ಹಾಕೂ ಗಂಟ್ ಕಾಣಿ, ನಮ್ಮಪ್ಪಯ್ಯನ ಗಂಟೇ!" ಎಂದು ಅವಳು ಕೂಗಿದಳು.

"ಇಷ್ಟ್ ದೂರ ವಿಮಾನದಲ್ಲ್ ಬಂದದ್ದ್ ಬಲೆ ಹೊಲಿಯುಕಾ?" ಎಂದೆ.

ಅವಳು ತಲೆ ಎತ್ತಲಿಲ್ಲ. ಮುದುಕ ತನ್ನ ಇನ್ನೊಂದು ಮರದ ಸೂಜಿಗೆ ದಾರ ಸುತ್ತಿ ಅವಳಿಗೆ ಕೊಟ್ಟ. ಬಲೆಯ ಹರಿದ ಕಣ್ಣೊಂದನ್ನು ಅವಳು ಗಂಟು ಹಾಕಿ ಮುಚ್ಚಿದಳು, ಇನ್ನೊಂದನ್ನು ಅವನು. ಅವಳು ಮುಚ್ಚಿದ ಕಣ್ಣನ್ನು ಅವನು ಬೆರಳಿನಿಂದ ಎಳೆದು ನೋಡಿ ಏನೋ ಹೇಳಿದ. ಅವಳು ಕುಂದಾಪುರದ ಕನ್ನಡದಲ್ಲಿ ಉತ್ತರ ಕೊಟ್ಟಳು. ಇಬ್ಬರೂ ನಕ್ಕರು. ಅವಳು ಆ ರೀತಿ ಬಾಯಿ ಮುಚ್ಚಿಕೊಳ್ಳದೆ ನಗುವುದನ್ನು ನಾನು ಯಾವಾಗ ಕಂಡಿದ್ದೆನೋ ನೆನಪಾಗಲಿಲ್ಲ.

ಮಗಳಿಗೆ ಸಂಭ್ರಮ. "ಅಮ್ಮ, ಯು ಆರ್ ಫೇಮಸ್! ಅಪ್ಪಯ್ಯ, ಜನ ಅಮ್ಮನ ಫೋಟೊ ತೆಗಿತಾ ಇದ್ದಾರೆ, ನೋಡಿ."

ಮೂರು ದಿನ ಹೀಗೇ ನಡೆಯಿತು. ಬೆಳಗಿನ ತಿಂಡಿ ಮುಗಿದ ಕೂಡಲೇ ಅವಳ ಕಾಲು ಬಂದರಿಗೆ ಎಳೆಯುತ್ತಿತ್ತು. ನಾನು ಬಾಡಿಗೆ ಛತ್ರಿಯ ಕೆಳಗೆ ಒಬ್ಬನೇ ಕುಳಿತು ಬಂದರಿನ ಕಡೆಯೇ ನೋಡುತ್ತಿದ್ದೆ. ಮೂರನೆಯ ದಿನ ತಡೆಯಲಾಗದೆ ಕೇಳಿಯೇಬಿಟ್ಟೆ, ಅವನಲ್ಲಿ ಅಂಥದ್ದೇನು ಕಂಡೆ ಎಂದು.

"ನಿಮ್ಗೆ ಹೊಟ್ಟೆಕಿಚ್ಚಾ?" ಅವಳಿಗೆ ನಗು ತಡೆಯಲಾಗಲಿಲ್ಲ. "ಮಾರಾಯ್ರೆ, ಅವ್ರ ಬಾಯಗ್ ಒಂದ್ ಹಲ್ಲೂ ಇಲ್ಲೆ!"

ಅವಳು ನಕ್ಕದ್ದಕ್ಕೆ ನನಗೆ ಇನ್ನಷ್ಟು ಉರಿಯಿತು. ಹಲ್ಲಿಲ್ಲದವನ ಮುಂದೆಯೂ ನಾನು ಯಾರೂ ಅಲ್ಲ ಎನ್ನಿಸಿತು.

ಅದೇ ದಿನ ಮಧ್ಯಾಹ್ನ ಮುದುಕ ದೋಣಿಗೆ ಇಳಿದು, ಐದಾರು ಕೆಂಪು ಮೀನು ಆರಿಸಿ, ಪೇಪರಿನಲ್ಲಿ ಸುತ್ತಿ ಅವಳ ಮಡಿಲ ಬಳಿ ಇಟ್ಟ. ಥ್ಯಾಂಕ್ಸ್ ಇಲ್ಲ, ಬೇಡ ಎನ್ನುವ ಉಪಚಾರವಿಲ್ಲ. ಅವಳು ಸುಮ್ಮನೆ ತಲೆಯಾಡಿಸಿದಳು. "ಹ್ವಾಯ್, ಇದನ್ನ್ ಹಿಡ್ಕಣಿ, ಕೈ ತೊಳ್ಕಂಡ್ ಬತ್ತೆ" ಎಂದು ಪೊಟ್ಟಣ ನನಗೆ ಕೊಟ್ಟು, ಒಳಗಿನ ಬೀದಿಯಲ್ಲಿದ್ದ ಹಳೇ ಕಾಲದ ಬಟ್ಟೆ ಒಗೆಯುವ ಕಲ್ಲುತೊಟ್ಟಿಗಳ ಕಡೆಗೆ ಹೋದಳು.

ನಮ್ಮ ಕಡೆ ದಡದಲ್ಲೇ ನಿಂತು ಎಳೆಯುವ ಕೈರಂಪಣಿ ಬಲೆ ಇದೆ. ಅದರ ಹಗ್ಗಕ್ಕೆ ಯಾರು ಕೈ ಕೊಟ್ಟರೂ ಅವರಿಗೊಂದು ಪಾಲು ಮೀನು ಉಂಟು. ಅದನ್ನು ಯಾರೂ ಕೇಳುವುದಿಲ್ಲ, ಯಾರೂ ಬೇಡ ಎನ್ನುವುದಿಲ್ಲ. ಬಲೆಯ ಪಾಲನ್ನು ಬಿಸಾಡಿದರೆ ಬಲೆಯವರಿಗೆ ನಾಳೆ ನಿಮ್ಮ ದೋಣಿ ಬರಿದಾಗಿ ಬರಲಿ ಎಂದು ಶಪಿಸಿದ ಹಾಗೆ ಎಂದು ನನ್ನ ಮಾವ ಹೇಳುತ್ತಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ.

ಬಂದರಿನ ಬೆಕ್ಕುಗಳು ಬಲೆಯ ರಾಶಿಯ ಹತ್ತಿರವೇ ಇದ್ದವು. ಮುದುಕ ನೋಡುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡೇ ನಾನು ಪೊಟ್ಟಣ ಬಿಡಿಸಿದೆ. ಮೀನುಗಳನ್ನು ಒಂದೊಂದಾಗಿ ಅವಕ್ಕೆ ಹಾಕಿದೆ. ಮುದುಕ ಕಾಲಿನ ಹೆಬ್ಬೆರಳಿನಿಂದ ಬಲೆ ಬಿಡಿಸಿಕೊಂಡ, ಎದ್ದ, ಬಲೆ ಸುತ್ತಿಕೊಂಡು ದೋಣಿಮನೆಯ ಕಡೆ ನಡೆದ. ಒಂದು ಬೈಗುಳವನ್ನಾದರೂ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಹೆಂಡತಿ ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದಳು.

"ಬೆಕ್ಕ್ ಎಳ್ಕಂಡ್ ಹೋಯ್ತ್" ಎಂದೆ.

ಅವಳು ಮುದುಕ ಕುಳಿತಿದ್ದ ಜಾಗ ನೋಡಿದಳು. ಆಮೇಲೆ ನನ್ನ ಕೈಯಲ್ಲಿ ಮಡಚಿದ್ದ ಪೇಪರು ನೋಡಿದಳು. "ಬೆಕ್ಕ್ ಕಾಗ್ದ ಬಿಡ್ಸಿ, ಮಡ್ಚಿ, ನಿಮ್ ಕೈಗ್ ಕೊಟ್ಟ್ ಹೋಯ್ತಾ?"

ನಾನು ಪೇಪರನ್ನು ಜೇಬಿಗೆ ತುರುಕಿದೆ.

"ಅದ್ ನನ್ ಪಾಲ್ ಆಗಿತ್ತ್" ಎಂದಳು. ಅಷ್ಟೇ.

ಮರುದಿನದಿಂದ ಅವಳು ನನ್ನ ಪಕ್ಕದಲ್ಲೇ, ಛತ್ರಿಯ ಕೆಳಗೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ನಾನು ಬಯಸಿದ್ದೂ ಅದೇ ಅಲ್ಲವೇ? ಆದರೆ ಅವಳ ಮುಖ ಬಂದರಿನ ಕಡೆ ತಿರುಗಿದಾಗಲೆಲ್ಲ ಹೊಟ್ಟೆಕಿಚ್ಚು ಮತ್ತೆ ಹೊತ್ತಿಕೊಳ್ಳುತ್ತಿತ್ತು. ಅಮ್ಮನಿಗೆ ಸುಸ್ತಾಗಿದೆ ಎಂದುಕೊಂಡ ಮಗಳು ಮಾತ್ರೆ ಕೊಟ್ಟಳು. ಬೆಕ್ಕು ಮೀನು ಕದ್ದ ಕಥೆಯನ್ನು ಅವಳು ಇಂದಿಗೂ ತನ್ನ ಗೆಳತಿಯರಿಗೆ ನಗುತ್ತ ಹೇಳುತ್ತಾಳೆ. ಅಮ್ಮ ಅದನ್ನು ಕೇಳಿಸಿಕೊಂಡು ಸುಮ್ಮನಿರುತ್ತಾಳೆ. ನನ್ನ ಮಾನ ಉಳಿದಿರುವುದು ಆ ಮೌನದ ಮೇಲೆ.

ಹ್ಯಾಮಿಲ್ಟನ್ನಿಗೆ ಮರಳಿದ ಮೇಲೂ ಚಹಾ, ಊಟ, ಮಾತು ಎಲ್ಲ ಮೊದಲಿನಂತೆಯೇ ಇತ್ತು. ನನ್ನ ತೋಳು ತಟ್ಟುವುದನ್ನು ಮಾತ್ರ ಅವಳು ಬಿಟ್ಟಿದ್ದಳು. ಡಾಕ್ಟರ ಮುಂದೆ ಮೊಣಕಾಲು ಮುಟ್ಟಿ ತೋರಿಸಿ, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ತಾನೇ ಹೇಳುತ್ತಿದ್ದಳು: "ನೀ ಪೇನ್. ನೈಟ್ ನೋ ಸ್ಲೀಪ್." ಡಾಕ್ಟರಿಗೆ ಎಲ್ಲ ಅರ್ಥವಾಗುತ್ತಿತ್ತು.

ಮುಂದಿನ ಜನವರಿಯಲ್ಲಿ, ಇಲ್ಲಿನ ಬೇಸಿಗೆಯ ಒಂದು ಸಂಜೆ, ಮಗಳು ನಮ್ಮನ್ನು ರಾಗ್ಲನ್ ಕಡಲತೀರಕ್ಕೆ ಕರೆದೊಯ್ದಳು. ಒಬ್ಬ ದಪ್ಪ ಹೆಂಗಸು ಮತ್ತು ಅವಳ ಅಣ್ಣ ಮೊಣಕಾಲು ನೀರಿನಲ್ಲಿ ನಿಂತು ಬಲೆ ಎಳೆಯುತ್ತಿದ್ದರು. ಬಲೆ ಭಾರವಾಗಿತ್ತು, ಅಣ್ಣನ ಬದಿ ಹಿಂದೆ ಬೀಳುತ್ತಿತ್ತು. ನನ್ನ ಹೆಂಡತಿ ಮರಳಿನ ಮೇಲೆ ಕುಳಿತಿದ್ದವಳು ಏಳಲು ಹೊರಟು, ನನ್ನ ಕಡೆ ನೋಡಿ, ಮತ್ತೆ ಕುಳಿತಳು.

ಹಾಗೆ ಕುಳಿತದ್ದು ನನ್ನನ್ನು ಚುಚ್ಚಿತು. ನಾನು ಪ್ಯಾಂಟು ಮಡಚದೆ ಹಾಗೆಯೇ ನೀರಿಗೆ ಇಳಿದು ಹಗ್ಗ ಹಿಡಿದೆ. ಎರಡು ಸಲ ಜಾರಿದೆ. "ಗುಡ್ ಆನ್ ಯು, ಅಂಕಲ್!" ಎಂದಳು ಆ ಹೆಂಗಸು. ಬಲೆ ದಡ ಸೇರಿದ ಮೇಲೆ, ನಮ್ಮ ನಂಗು ಮೀನಿನಂಥ ಒಂದು ಚಪ್ಪಟೆ ಮೀನನ್ನು ಚೀಲಕ್ಕೆ ಹಾಕಿ ನನ್ನ ಕೈಗಿತ್ತಳು. ನಾನು ಥ್ಯಾಂಕ್ಸ್ ಹೇಳಲಿಲ್ಲ, ತಲೆಯಾಡಿಸಿದೆ.

ಚೀಲ ಹಿಡಿದು ಹೆಂಡತಿಯ ಮುಂದೆ ಬಂದು ನಿಂತೆ. ಅತ್ತಿತ್ತ ನೋಡಿದೆ.

"ಎಂತ ಹುಡ್ಕತ್ರಿ?" ಎಂದಳು. "ಇಲ್ಲ್ ಬೆಕ್ಕ್ ಇಲ್ಲೆ."

"ತಪ್ಪಾಯ್ತ್" ಎಂದೆ.

ಅವಳು ಚೀಲ ತೆಗೆದುಕೊಂಡು, ಮೀನಿನ ಕಿವಿರು ಎತ್ತಿ ನೋಡಿ, ತಾಜಾ ಇದೆ ಎಂದಳು. "ಹಗ್ಗ ಹಿಡ್ದದ್ದ್ ಮಾತ್ರ ಒಂದ್ಚೂರೂ ಸಮ ಇಲ್ಲೆ." ಆಮೇಲೆ, ಬಲೆ ಮಡಚುತ್ತಿದ್ದವರ ಕಡೆ ನೋಡುತ್ತ, ನನ್ನ ಒದ್ದೆ ತೋಳನ್ನು ತಟ್ಟಿದಳು. "ಇವ್ರ್ ನಾಳೆಯೂ ಬತ್ರಾ ಅಂತ ಕೇಳಿ ಕಾಂಬ. ಇಂಗ್ಲಿಷ್ ನಿಮ್ಗೇ ಅಲ್ದಾ ಬಪ್ಪುದ್?"

ನಾನು ಕೇಳಿಕೊಂಡು ಬರಲು ಹೋದೆ.