ಹನ್ನೆರಡರ ಪಕ್ಕ ಅರವತ್ತೊಂದು

ಬೆಳಗಿನ ಐದೂವರೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಲೇಬೇಕಾದ ಓಣಿ. ಮುಚ್ಚಿದ ತಗಡಿನ ಬಾಗಿಲಿನ ಮುಂದೆ ನಂಬರಕ್ಕ ಕುಂಚ ಹಿಡಿದು ನಿಂತಿದ್ದಾರೆ. ಬಿಸಿಲಿಗೆ ಮಾಸಿದ ಹನ್ನೆರಡು ಎಂಬ ಅಂಕಿಯ ಮೇಲೆ ಹೊಸ ಕಪ್ಪು ಬಣ್ಣ ಏರುತ್ತಿದೆ. ಸ್ಕೇಲಿಲ್ಲ, ಗೆರೆಯಿಲ್ಲ, ಕೈ ಮಾತ್ರ ಅಲುಗುವುದಿಲ್ಲ. ಜನ ಎದ್ದ ಮೇಲೆ ಇಲ್ಲಿ ಯಾವ ಬಾಗಿಲೂ ಮುಚ್ಚಿರುವುದಿಲ್ಲ, ಹಸಿ ಬಣ್ಣವೆಲ್ಲ ಹೋಗಿಬರುವವರ ಭುಜಕ್ಕೆ ಅಂಟುತ್ತದೆ ಎಂದು ಈ ಹೊತ್ತನ್ನು ಆರಿಸಿಕೊಂಡಿದ್ದಾರೆ.

ಹನ್ನೆರಡರ ಪಕ್ಕದ ಮನೆ ಹದಿಮೂರಲ್ಲ, ಅರವತ್ತೊಂದು. ಅದು ನಂಬರಕ್ಕನದೇ ಮನೆ. ಅದರಾಚೆ ನೂರ ನಾಲ್ಕು. ಹೊಸಬರಿಗೆ ತಲೆ ಕೆಡುವುದು ಇಲ್ಲೇ. ಈ ಬಡಾವಣೆಯ ಇನ್ನೂರಕ್ಕೂ ಹೆಚ್ಚು ಮನೆಗಳಿಗೆ ನಂಬರ್ ಬಿದ್ದಿರುವುದು ಸಾಲಿನ ಪ್ರಕಾರವಲ್ಲ, ಯಾರು ಮೊದಲು ಬಂದು ನೆಲೆ ನಿಂತರು ಎಂಬ ಪ್ರಕಾರ.

ಐವತ್ತೊಂದು ವರ್ಷ ವಯಸ್ಸಿನ ನಂಬರಕ್ಕನ ಕಸುಬು ಲಾರಿಗಳ ನಂಬರ್ ಪ್ಲೇಟ್ ಬರೆಯುವುದು. ಅಪ್ಪ ಕಲಿಸಿದ್ದು. ಹದಿನಾರು ವರ್ಷದ ಹಿಂದೆ ಮಗಳನ್ನು ಶಾಲೆಗೆ ಸೇರಿಸಲು ಹೋದರೆ, ಮನೆ ನಂಬರಿಲ್ಲದ ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದು ಗುಮಾಸ್ತ ವಾಪಸ್ ಕಳಿಸಿದ. "ಅಳು ಬರ್ಲಿಲ್ಲ, ಸಿಟ್ಟು ಬಂತು. ಕಂಡೋರ ಲಾರಿಗೆಲ್ಲ ನಂಬರ್ ಬರೀತೀನಿ, ನನ್ನ ಮನೆಗೇ ಇಲ್ವಲ್ಲ ಅಂತ."

ಅಂದು ಸಂಜೆಯೇ ನಲ್ಲಿಯ ಬಳಿ ಹಿರಿಯರನ್ನೆಲ್ಲ ಕೂರಿಸಿ, ಯಾರ ನಂತರ ಯಾರು ಬಂದರೆಂದು ಕೇಳಿದರು. ಮೂರು ದಿನ ಜಗಳವೋ ಜಗಳ. ಒಂದೇ ಗಾಡಿಯಲ್ಲಿ ಸಾಮಾನು ತಂದಿದ್ದ ಓರಗಿತ್ತಿಯರಿಬ್ಬರು ಒಂಬತ್ತು ತನ್ನದೇ ಎಂದು ಪಟ್ಟು ಹಿಡಿದಾಗ, ಒಬ್ಬರಿಗೆ ಒಂಬತ್ತು, ಇನ್ನೊಬ್ಬರಿಗೆ ಒಂಬತ್ತೂವರೆ ಬರೆದು ಕೈ ತೊಳೆದುಕೊಂಡರು. ನಂಬರ್ ತುಂಬಿದ ಅರ್ಜಿಯನ್ನು ಗುಮಾಸ್ತ ಮರುಮಾತಿಲ್ಲದೆ ತೆಗೆದುಕೊಂಡ. ಆ ಮಗಳು ಈಗ ನರ್ಸ್.

ಪ್ಲೇಟ್ ಬರೆಯುವವರಿಗೊಂದು ಅಭ್ಯಾಸವಿದೆ. ಮೂಲೆಯಲ್ಲಿ ಸಣ್ಣದಾಗಿ ತಮ್ಮ ಗುರುತು ಹಾಕಿ, ಬರೆದ ತಿಂಗಳು, ವರ್ಷ ನಮೂದಿಸುತ್ತಾರೆ. ನಂಬರಕ್ಕ ಬಾಗಿಲುಗಳ ಮೇಲೂ ಅದನ್ನು ಬಿಡಲಿಲ್ಲ. ಅಂಕಿಗೆ ಮತ್ತೆ ಬಣ್ಣ ಕೊಟ್ಟಾಗ ಹಳೆಯ ತಾರೀಖು ಮುಟ್ಟದೆ, ಅದರ ಕೆಳಗೆ ಹೊಸದನ್ನು ಸೇರಿಸುತ್ತಾರೆ.

ಹೋದ ವರ್ಷ ತೆರವಿನ ನೋಟಿಸ್ ಬಂತು. ನೀವೆಲ್ಲ ಎರಡು ವರ್ಷದಿಂದೀಚೆಗೆ ಬಂದು ಜಾಗ ಒತ್ತುವರಿ ಮಾಡಿದವರು, ಮೂವತ್ತು ದಿನದಲ್ಲಿ ಖಾಲಿ ಮಾಡಿ ಎಂದಿತ್ತು. ಅಳತೆಗೆ ಬಂದ ಅಧಿಕಾರಿ ಬಾಗಿಲುಗಳನ್ನು ನೋಡಿ, ಎಣಿಸಲೂ ಬರದವರು ಎಂದು ನಕ್ಕರಂತೆ. ನೆರೆಯವರಿಗೂ ಅಳುಕು ಶುರುವಾಗಿ, ಎಲ್ಲ ಅಳಿಸಿ ಸಾಲಾಗಿ ಬರೆದುಬಿಡು ಎಂದು ದುಂಬಾಲು ಬಿದ್ದರು. ನಂಬರಕ್ಕ ಜಗ್ಗಲಿಲ್ಲ. ಬದಲಿಗೆ ನೋಟಿಸಿನ ವಿರುದ್ಧ ಕೋರ್ಟಿಗೆ ಹೋಗಿ, ವಿಚಾರಣೆಯ ದಿನ ಹನ್ನೆರಡರವರೆಗಿನ ಮನೆಗಳ ಬಾಗಿಲು ಕಳಚಿಸಿದರು. ಒಂಬತ್ತೂವರೆಯೂ ಸೇರಿ ಹದಿಮೂರು ಬಾಗಿಲು. ಓರಗಿತ್ತಿಯರು ತಮ್ಮ ಬಾಗಿಲುಗಳನ್ನು ಒಂದರ ಮೇಲೊಂದಿಟ್ಟು, ಆಚೆ ತುದಿಗೊಬ್ಬರು ಈಚೆ ತುದಿಗೊಬ್ಬರು ಹಿಡಿದು ಕೋರ್ಟಿಗೆ ನಡೆದರು. ನ್ಯಾಯಾಧೀಶರು ಅಂಗಳಕ್ಕೆ ಇಳಿದು ಬಂದು, ಕನ್ನಡಕ ಸರಿಪಡಿಸಿಕೊಂಡು, ಹದಿನೈದು ವರ್ಷದ ತಾರೀಖುಗಳನ್ನು ಒಂದೊಂದಾಗಿ ಓದಿದರು. ತೆರವಿಗೆ ಅಂದೇ ತಡೆ ಬಿತ್ತು. ಇದನ್ನು ಕೇಳುತ್ತ ಕೂತ ನನಗೂ ಎದೆ ಉಬ್ಬಿತು.

ಕೊನೆಯ ತೀರ್ಪು ಬರುವ ತಿಂಗಳು. ಮನೆಗಳು ಉಳಿಯುತ್ತವೋ ಇಲ್ಲವೋ ಆಗಲೇ ಗೊತ್ತಾಗುವುದು. ಉಳಿದರೆ ನಗರಸಭೆಯೇ ಲೋಹದ ಫಲಕ ಹಾಕಿ, ಒಂದರಿಂದ ಸಾಲಾಗಿ ನಂಬರ್ ಕೊಡುತ್ತದಂತೆ. ಅದೇ ಅಲ್ಲವೇ ನಿಮ್ಮ ಆಸೆ ಎಂದು ಕೇಳಿದೆ. ನಂಬರಕ್ಕ ಕುಂಚ ಒರೆಸಿ ಡಬ್ಬಿಯ ಮೇಲಿಟ್ಟರು.

"ಫಲಕ ಅವ್ರೇ ಹಾಕ್ಲಿ, ಬಣ್ಣ ಮಾಸೋ ತಾಪತ್ರಯ ಇರಲ್ಲ. ನಂಬರ್ ಮಾತ್ರ ಇದೇ ಇರ್ಲಿ. ನಮ್ಮನ್ನ ಯಾರೂ ಸಾಲಾಗಿ ತಂದು ಕೂರಿಸ್ಲಿಲ್ಲ. ಮೊದ್ಲು ಬಂದೋರು ಒಂಚೂರು ಜರುಗಿ, ಆಮೇಲೆ ಬಂದೋರಿಗೆ ಪಕ್ಕದಲ್ಲೇ ಜಾಗ ಮಾಡಿಕೊಟ್ರು. ಅದು ಬಾಗಿಲ ಮೇಲೆ ಕಾಣ್ತಾ ಇರ್ಬೇಕು."