ಇನ್ನೊಂದು ಕಾಲು ಸುತ್ತು

ಮೇಸ್ತ್ರಿಯ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಚೈನಿಗೆ ಸಿಕ್ಕಿ ಹೋದದ್ದಂತೆ. ಆ ಬೋಳು ಬೆರಳನ್ನು ಕಾರ್ಬರೇಟರಿನ ಬಾಯಿಗೆ ಒತ್ತಿ, ಕಣ್ಣು ಮುಚ್ಚಿ, ಎಂಜಿನ್ನು ಎಷ್ಟು ಗಾಳಿ ಎಳೆಯುತ್ತಿದೆ ಎಂದು ನೋಡುತ್ತಿದ್ದರು. ರೋಗಿಗಳ ನಾಡಿ ಹಿಡಿಯುತ್ತಲೇ ವರ್ಷಗಳನ್ನು ಕಳೆದ ನಾನು ಅಷ್ಟು ಗಮನ ಎಂದೂ ಕೊಟ್ಟಿರಲಿಕ್ಕಿಲ್ಲ.

ನಾನು ಕೌದಳ್ಳಿ ಕಡೆ ನರ್ಸು, ಮನೆ ಹನೂರಿನಲ್ಲಿ. ಯಜಮಾನರು ತೀರಿಕೊಂಡ ಮೇಲೆ ಒಂಬತ್ತು ವರ್ಷ ಅವರ ಹಳೇ ಬೈಕು ಹಿತ್ತಿಲ ಸೋರುವ ಶೆಡ್ಡಿನಲ್ಲೇ ನಿಂತಿತ್ತು. ಒಂದು ದಿನ ಮನಸ್ಸು ಗಟ್ಟಿಮಾಡಿ ಗೂಡ್ಸ್ ಆಟೊದಲ್ಲಿ ಕೊಳ್ಳೇಗಾಲಕ್ಕೆ ಒಯ್ದೆ. ಎರಡು ಗ್ಯಾರೇಜಿನವರು ಗುಜರಿಗೆ ಹಾಕಿ ಎಂದರು. ಮೂರನೆಯವರೇ ಮೇಸ್ತ್ರಿ.

"ಯಾರವ್ವ ಓಡ್ಸೋದು?"

"ನಾನೇ."

ನಗುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ಡ್ಯೂಟಿ ಸೀರೆ ನೋಡಿದರು, ಆಮೇಲೆ ಕಾಲು ನೋಡಿದರು. "ಮುಂದಿನ್ ಸಲ ಚಪ್ಲಿ ಬುಟ್ಟು ಬೂಟ್ ಆಕ್ಕೊಂಡ್ ಬನ್ನಿ ನರ್ಸಮ್ಮ. ಕಿಕ್ಕರ್ ತಿರುಗ್ಸಿ ಒಡುದ್ರೆ ಕಾಲು ಓಯ್ತದೆ."

ಭಾನುವಾರಗಳಂದು ಬಸ್ಸು ಹತ್ತಿ ಹೋಗುತ್ತಿದ್ದೆ. ನೋಡುತ್ತ ಕೂರಲು ಬಿಡುತ್ತಿರಲಿಲ್ಲ. ಕಾರ್ಬರೇಟರನ್ನು ನನ್ನ ಕೈಯಲ್ಲೇ ಬಿಚ್ಚಿಸಿ, ಒಂದೊಂದೇ ಭಾಗವನ್ನು ಹಳೇ ಪೇಪರಿನ ಮೇಲೆ ಬಿಚ್ಚಿದ ಸಾಲಿನಲ್ಲೇ ಇಡಿಸುತ್ತಿದ್ದರು. ಆ ಪೇಪರಿನ ಮೇಲೆ ಯಾರಾದರೂ ಟೀ ಲೋಟ ಇಟ್ಟರೆ ಮುಗಿಯಿತು ಕಥೆ. "ಗಾಡಿ ಸುಳ್ಳೇಳಕಿಲ್ಲ ಕಣವ್ವ. ನಮಗೇ ಕೇಳಕ್ ಬರದಿಲ್ಲ," ಎನ್ನುತ್ತಿದ್ದರು.

ಎರಡು ತಿಂಗಳಿಗೆ ಎಂಜಿನ್ನಿಗೆ ಜೀವ ಬಂತು. ಆದರೆ ನಾಲ್ಕು ಕಿಲೋಮೀಟರ್ ಓಡಿದರೆ ಸಾಕು, ಗೊರಗೊರ ಎಂದು ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟು. ಮೇಸ್ತ್ರಿ ಕಾರ್ಬರೇಟರಿನಲ್ಲಿ ಪೆಟ್ರೋಲು ಹಾಯುವ ಜೆಟ್ಟಿನ ತೂತಿಗೆ ತಂತಿಯ ಎಳೆ ತೂರಿಸಿ ಶುಚಿ ಮಾಡಿದರು, ಒಳಗಿನ ಫ್ಲೋಟು ಬದಲಿಸಿದರು. ಏನೂ ಪ್ರಯೋಜನವಾಗಲಿಲ್ಲ.

"ನಡೀರಿ, ನಾನೂ ಬತ್ತೀನಿ," ಎಂದು ಒಂದು ಭಾನುವಾರ ನನ್ನ ಹಿಂದೆ ಹತ್ತಿ ಕೂತರು. ಅರವತ್ತು ದಾಟಿದ ಮೇಸ್ತ್ರಿ ಹೆಂಗಸಿನ ಹಿಂದೆ ಕೂತಿದ್ದನ್ನು ಪೇಟೆಯವರೆಲ್ಲ ತಿರುಗಿ ತಿರುಗಿ ನೋಡಿದರು. "ನೀವು ಮುಂದ್ ನೋಡಿ ಓಡ್ಸಿ. ಅವ್ರು ನಮ್ನ ನೋಡ್ಕಳ್ಳಿ," ಎಂದರು.

ಹನೂರು ರಸ್ತೆಯಲ್ಲಿ, ಒಂದು ಹುಣಸೆಮರದ ಹತ್ತಿರ ಗಾಡಿ ನಿಂತಿತು.

"ಟ್ಯಾಂಕಿನ್ ಮುಚ್ಚಳ ತಗೀರಿ."

ತಿರುಗಿಸಿದೆ. ಸುಯ್ ಎಂದು ಗಾಳಿ ಒಳಗೆ ನುಗ್ಗಿತು.

"ಕೇಳುಸ್ತಾ? ಮುಚ್ಚಳದಲ್ಲಿ ಗಾಳಿಗೊಂದು ತೂತಿರ್ತದೆ. ಅದು ಕಟ್ಕಂಡ್ರೆ ಪೆಟ್ರೋಲು ಕೆಳಕ್ಕಿಳಿಯಕಿಲ್ಲ. ಪಾಪ, ಕಾರ್ಬರೇಟರನ್ನ ಸುಮ್ನೆ ಬಯ್ದೆ. ಟ್ಯಾಂಕ್ ತೊಳ್ದೋನು ನಾನು, ಮುಚ್ಚಳ ನೋಡ್ಲಿಲ್ಲ. ತಪ್ಪು ನಂದು."

ಮುಚ್ಚಳವನ್ನು ಬಿಸಿಲಿಗೆ ಹಿಡಿದು ನೋಡಿದರು. ತೂತಿನ ತುಂಬ ಕಲ್ಲಿನಂತೆ ಒಣಗಿದ ಸೋಪು. "ಮಳೆನೀರು ಇಳೀದಂಗೆ ಯಾರೋ ಬೇಕು ಅಂತ್ಲೇ ತುಂಬವ್ರೆ," ಎಂದರು.

ಮೈಸೂರಿನ ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಯಜಮಾನರು ಸೋಪಿನ ಚೂರು ಹಿಡಿದು ಶೆಡ್ಡಿಗೆ ಹೋಗಿದ್ದರು. ಬಸ್ಸು ತಪ್ಪುತ್ತದೆ ಎಂದು ನಾನು ಕೂಗಾಡಿದ್ದೆ. ಆಸ್ಪತ್ರೆಯಿಂದ ಅವರು ಮರಳಲಿಲ್ಲ. ಬದುಕುವ ಆಸೆ ಬಿಟ್ಟೇ ಮನೆಯಿಂದ ಹೊರಟರು ಎಂದು ಒಂಬತ್ತು ವರ್ಷ ನಂಬಿಕೊಂಡಿದ್ದೆ. ಮೇಸ್ತ್ರಿಗೆ ಇಷ್ಟನ್ನೂ ಹೇಳಿದೆ.

"ವಾಪಸ್ ಬಂದು ಓಡುಸ್ತೀನಿ ಅನ್ನೋರೇ ಇಂಗ್ ಮಾಡೋದು ನರ್ಸಮ್ಮ. ಆಸೆ ಬುಟ್ಟೋರು ಮಳೆಗೆ ಯಾಕ್ ಎದರ್ತಾರೆ?"

ಜೇಬಿನಿಂದ ತಂತಿ ತೆಗೆದವರು ಮತ್ತೆ ಒಳಗಿಟ್ಟರು. ಮುಚ್ಚಳವನ್ನು ನನ್ನ ಅಂಗೈಯಲ್ಲಿಟ್ಟು, ರಸ್ತೆ ದಾಟಿ, ಆಚೆ ಹೊಲದ ಬದುವಿನ ಮೇಲೆ ನನಗೆ ಬೆನ್ನು ಮಾಡಿ ಕೂತರು. ದುಪಟ್ಟದ ಪಿನ್ನು ಬಿಚ್ಚಿ ಆ ಸೋಪನ್ನು ಕೆರೆದು ತೆಗೆದೆ. ಬಹಳ ಹೊತ್ತು ಹಿಡಿಯಿತು. ನಾನು ಕರೆಯುವವರೆಗೂ ಅವರು ತಿರುಗಿ ನೋಡಲಿಲ್ಲ.

ಆಮೇಲೆ ಗಾಡಿ ನಡುದಾರಿಯಲ್ಲಿ ನಿಂತದ್ದಿಲ್ಲ. ಅದರಲ್ಲೇ ಡ್ಯೂಟಿಗೆ ಹೋದೆ, ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟವನ್ನೂ ಹತ್ತಿಬಂದೆ. ಬಂದು ಹೇಳಿದಾಗ ಮೇಸ್ತ್ರಿ ಕೇಳಿದ್ದು ಒಂದೇ: "ಏರಿನಲ್ಲಿ ಕೆಮ್ತಾ?"

ಕಳೆದ ವರ್ಷ ಅವರಿಗೆ ಕಿಡ್ನಿ ಕೈಕೊಟ್ಟಿತು. ನೋಡಲು ಅವರ ಮನೆಗೆ ಹೋದಾಗ ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿದ್ದರು. ರಿಪೋರ್ಟು ಓದಿದ ನನಗೆ ಉಳಿದಿರುವುದು ಸ್ವಲ್ಪ ದಿನ ಎಂದು ತಿಳಿಯಿತು. ಅವರಿಗೂ ಗೊತ್ತಿತ್ತೇನೋ, ಆ ಮಾತೇ ಎತ್ತಲಿಲ್ಲ. "ಗಾಡಿ ಸ್ಟಾರ್ಟ್ ಮಾಡಿ, ಕೇಳನ," ಎಂದರು.

ಬೀದಿಗೆ ಬಂದು ಕಿಕ್ ಹೊಡೆದೆ. ಒಳಗಿಂದ ದನಿ ಬಂತು: "ಪೆಟ್ರೋಲ್ ಜಾಸ್ತಿ ಕುಡೀತಾ ಅದೆ. ಗಾಳಿ ಸ್ಕ್ರೂ ಬಿಚ್ಚಿ. ಇನ್ನೊಂದ್ ಕಾಲು ಸುತ್ತು... ಇನ್ನೊಂಚೂರು... ಸಾಕು."

ನನ್ನ ಪಾಲಿಗೆ ಅದೇ ಅವರ ಕೊನೆಯ ಮಾತಾಯಿತು. ಒಳಗೆ ಹೋದಾಗ ನಿದ್ದೆ ಹೋಗಿದ್ದರು, ಎಬ್ಬಿಸಲಿಲ್ಲ. ಎಂಟು ದಿನಕ್ಕೆ ಸುದ್ದಿ ಬಂತು.

ಈಗ ಗಾಡಿಯ ಸದ್ದು ಕೆಟ್ಟರೆ ನಾನೇ ಅಂಗಳದಲ್ಲಿ ಕೂತು ಸ್ಕ್ರೂ ತಿರುಗಿಸುತ್ತೇನೆ. ಕೆಲಸ ಬರುತ್ತದೆ, ಕಲಿಸಿ ಹೋಗಿದ್ದಾರೆ. ಆದರೂ ಸದ್ದು ಸರಿಹೋದ ಮೇಲೂ ಕೈ ತೆಗೆಯದೆ ಕಾಯುತ್ತೇನೆ, ಯಾರಾದರೂ ಸಾಕು ಎನ್ನಲಿ ಎಂದು.