ದಾರವಿಲ್ಲದ ಬುಟ್ಟಿ

ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಚಾದರದಲ್ಲಿ ಸುತ್ತಿಟ್ಟ ಬಿದಿರಿನ ಬುಟ್ಟಿ ಕೈಗೆ ಸಿಕ್ಕಿತು. ಮುಚ್ಚಳ ತೆಗೆದೆ. ಬೆಳ್ಳುಳ್ಳಿ, ಸೋಯಾ ಸಾಸ್, ಹಬೆ ಕುಡಿದ ಬಿದಿರು... ಇಷ್ಟು ವರ್ಷವಾದರೂ ವಾಸನೆ ಹೋಗಿಲ್ಲ. ವೈನಿ ನೆನಪಾದಳು; ನೆಂಟಳೇನಲ್ಲ, ಅತ್ತಿಗೆ ಎಂಬ ಅರ್ಥದಲ್ಲಿ ಬಜಾರಿನವರೆಲ್ಲ ಅವಳನ್ನು ಹಾಗೆ ಕರೆಯುತ್ತಿದ್ದರು.

ಸೋಲಾಪುರದಲ್ಲಿ ನಮ್ಮ ಚಾದರದ ಅಂಗಡಿಯ ಪಕ್ಕದಲ್ಲೇ ಅವಳ ಹೋಟೆಲು. ಮೋಮೊ, ನೂಡಲ್ಸ್, ನಮ್ಮ ಶೇಂಗಾ ಚಟ್ನಿ ಕಲಸಿದ ಥಾಯ್ ಸಾಸ್. ಬೋರ್ಡಿನ ಮೇಲಿನ ಡ್ರ್ಯಾಗನ್ ಥೇಟ್ ನಾಗಪ್ಪ; ಕೆಲವು ಮುದುಕಿಯರು ಕೈಮುಗಿದೇ ಮುಂದೆ ಹೋಗುತ್ತಿದ್ದರು. ಪುಣೆಯಲ್ಲಿ ಕೆಲಸ ಕಲಿತು ಬಂದು ಹೋಟೆಲು ತೆರೆದವನು ಅವಳ ಗಂಡ. ಬೇಗನೆ ಅವನಿಗೆ ಬೇಸರ ಬಂತು, ಅಕ್ಕಲಕೋಟೆ ಕಡೆಯ ತನ್ನ ಹಳ್ಳಿಗೆ, ಪಂಚಾಯಿತಿ ರಾಜಕೀಯಕ್ಕೆ ಮರಳಿದ. ಒಲೆ ಇವಳ ಪಾಲಿಗೆ ಬಂತು. ಇವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಳ್ಳಿಯಿಂದ ಬೆಳಗಿನ ಎಸ್‌ಟಿ ಬಸ್ಸಿಗೆ ಬಂದು, ಸಂಜೆ ಗಿರಾಕಿ ಕೂಡುವ ಹೊತ್ತಿಗೇ ಅಡುಗೆಯವನಿಗೆ ಒಪ್ಪಿಸಿ ಹಿಂದಿರುಗಬೇಕು. ಆ ಬಸ್ಸು ತಪ್ಪಿದರೆ ಮನೆಯಲ್ಲಿ ಮಾತು.

ಕೊರಳಲ್ಲಿ ಲಿಂಗವಿದ್ದ ಮನೆತನ. ಒಲೆಯ ಮೇಲೆ ಮಾಂಸ ಬೇಯಬಾರದು ಎಂಬ ಷರತ್ತಿನ ಮೇಲೇ ಅತ್ತೆ ಒಪ್ಪಿದ್ದು. ಆದರೆ ಕೋಳಿ ಇಲ್ಲದ ಮೋಮೊಗೆ ಯಾರು ಬರುತ್ತಾರೆ? ಗಂಡನೇ ಗುಟ್ಟಾಗಿ ಶುರು ಮಾಡಿಟ್ಟು ಹೋಗಿದ್ದ. ವೈನಿ ಬುಟ್ಟಿಗಳನ್ನು ಬೇರೆ ಮಾಡಿ, ತರಕಾರಿಯದಕ್ಕೆ ಕೆಂಪು ದಾರ ಕಟ್ಟಿದಳು.

"ಬಿದಿರು ವಾಸನಿ ಕುಡೀತದರಿ ಅಕ್ಕಾ. ಅದಲಾಬದಲಿ ಆಗಬಾರ್ದು. ಅತ್ತಿಗಿ ಹೇಳಿದ್ರ ಹೋಟೆಲ್ ಹೋಗ್ತದ, ಹೇಳ್ದಿದ್ರ ನನಗ ನಿದ್ದಿ ಹತ್ತಂಗಿಲ್ಲ," ಎನ್ನುತ್ತಿದ್ದಳು.

ಆ ವರ್ಷ ಎಳ್ಳಮಾವಾಸ್ಯೆಗೆ ಹೊಲಕ್ಕೆ ನನ್ನನ್ನೂ ಕರೆದಿದ್ದರು. ಸಜ್ಜೆ ಕಡಬು, ಭಜ್ಜಿ, ಅಂಬಲಿಯ ಜೊತೆಗೆ ವೈನಿ ದಾರದ ಬುಟ್ಟಿಯಲ್ಲಿ ಎಲೆಕೋಸಿನ ಮೋಮೊ ಬೇಯಿಸಿ ತಂದಿದ್ದಳು. ತನ್ನ ಕೆಲಸ ಮನೆಯವರಿಗೂ ತಿಳಿಯಲಿ ಎಂಬ ಆಸೆ, ಪಾಪ. ಅತ್ತೆ ನೋಡಿ ಖುಷಿಪಟ್ಟರು. "ಕಡಬಿನಂಗ ಅದಾವಲ್ಲವಾ!" ಎಂದು ಊಟಕ್ಕೆ ಮೊದಲು ಭೂಮಿತಾಯಿಗೆ ಚೆಲ್ಲುವ ಚರಗದಲ್ಲಿ ಒಂದು ಮೋಮೊವನ್ನೂ ಸೇರಿಸಿ ಜೋಳದ ಬೆಳೆಗೆ ಎರಚಿದರು. ವೈನಿಯ ಮುಖ ಅರಳಿತ್ತು. ಆಮೇಲೆ ಅವರ ಕಣ್ಣು ದಾರದ ಮೇಲೆ ಬಿತ್ತು.

"ಈ ದಾರ ಯಾಕ ಕಟ್ಟೀದಿ?"

"ಗುರ್ತಿಗಿರಿ, ಅತ್ತಿ."

"ಗುರ್ತು ಯಾಕ ಬೇಕು? ಇನ್ನೊಂದು ಅದ ಏನು?"

ನನ್ನ ಬಾಯಿಗೇ ಹತ್ತು ಸುಳ್ಳು ಬಂದವು. ಚರಗ ಚೆಲ್ಲಿದ ಹೊಲದಲ್ಲಿ ನಿಂತು ಸುಳ್ಳು ಹೇಳಲು ಅವಳಿಂದಾಗಲಿಲ್ಲ, ಹೌದೆಂದು ತಲೆಯಾಡಿಸಿದಳು. ಮಡಿಗೆಂದು ಕಟ್ಟಿದ್ದೇ ಅವಳನ್ನು ಹಿಡಿದುಕೊಟ್ಟಿತಲ್ಲ ಎಂದು ನನಗೆ ಆ ದಾರದ ಮೇಲೆ ಎಂಥ ಸಿಟ್ಟು!

ಯಾರೂ ಬೈಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು. ಅತ್ತೆ ಸೊಸೆಗೆ ಹೊಟ್ಟೆ ತುಂಬ ಉಣಿಸಿ ಮೆತ್ತಗೆ ಅಂದರು: "ನಾಳಿಂದ ಸೋಲಾಪುರ ಸಾಕವಾ. ಮನ್ಯಾಗ ಇರು." ಕೋಳಿ ಶುರು ಮಾಡಿದ ಮಹಾಶಯ ಮೊಬೈಲು ನೋಡುತ್ತ ಕುಳಿತಿದ್ದ.

ಸಾಮಾನು ಒಯ್ಯಲು ಬಂದ ದಿನ ವೈನಿ ದಾರವಿಲ್ಲದ ಈ ಬುಟ್ಟಿಯನ್ನು ನನ್ನ ಕೈಗಿಟ್ಟಳು. "ಇದನ್ನ ಮನೀಗಿ ಒಯ್ಯಾಕ ಬರಂಗಿಲ್ಲರಿ. ನಿಮ್ಮ ಹಂತೇಕ ಇರ್ಲಿ, ಬಂದು ತಗೋತೀನಿ." ಬರಲಿಲ್ಲ... ಹೋಟೆಲಿನ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ತಡೆಯಲಾರದೆ ಇಂದು ಫೋನ್ ಮಾಡಿದೆ. "ವೈನಿ, ನಿನ್ನ ಬುಟ್ಟಿ ಸಿಕ್ತು ನೋಡು."

ಅವಳು ಸಣ್ಣ ದನಿಯಲ್ಲಿ, "ವಾಸನಿ ಇನ್ನಾ ಅದ ಏನ್ರಿ ಅಕ್ಕಾ?"

"ಅದ."

"ಫೋನ್ ಅದರ ಹಂತೇಕ ಹಿಡೀರಿ, ಒಂದೀಟು."

ಹುಚ್ಚಿ, ವಾಸನೆ ಫೋನಿನಲ್ಲಿ ಹೋಗುತ್ತದೆಯೇ? ಆದರೂ ಹಿಡಿದೆ. ಆ ಕಡೆ ಅವಳು ಉಸಿರೆಳೆದದ್ದು ಕೇಳಿಸಿತು. ಹಿಂದಿನಿಂದ ಯಾರೋ ಕೂಗಿದರು. "ಬಂದೆರಿ ಅತ್ತಿ," ಎಂದಳು, ಫೋನು ಕಟ್ಟಾಯಿತು.

ಅವಳು ಇನ್ನು ಬರುವುದಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಬುಟ್ಟಿಯ ಮುಚ್ಚಳ ಹಾಕಿ, ವಾಸನೆ ಹೋಗದಂತೆ ಚಾದರದಲ್ಲಿ ಮತ್ತೆ ಬಿಗಿಯಾಗಿ ಸುತ್ತಿಟ್ಟೆ.